ಒಂದು ಪೋರ್ಚುಗೀಸ್ ಬಿರುದಿನ ಜಾಡು ಹಿಡಿಯುವುದು ಹೇಗೆ? ವಿದಿಗೈರಾದ ಕೌಂಟ್‌ಗಳ ಬೆನ್ನು ಹತ್ತಿ

ವಾಸ್ಕೋ ಡ ಗಾಮನ ಹೆಸರು ಕೇಳದೆ ಯಾರೂ ನಮ್ಮ ಶಾಲೆ ದಾಟಿ ಬಂದಿಲ್ಲ. 1498, ಕಲ್ಲಿಕೋಟೆ, ಕರಿಮೆಣಸು. ಮೂರು ಮಾತಿನಲ್ಲಿ ಪಾಠ ಮುಗಿಯುತ್ತದೆ. ಆದರೆ ಆತ 1524ರ ಡಿಸೆಂಬರ್ 24ರಂದು ಕೊಚ್ಚಿಯಲ್ಲಿ ಸಾಯುವ ಹೊತ್ತಿಗೆ ಬರೀ ನಾವಿಕನಾಗಿರಲಿಲ್ಲ, ‘ವಿದಿಗೈರಾದ ಕೌಂಟ್’ ಆಗಿದ್ದ. ಆ ಬಿರುದು ಅವನ ಜೊತೆ ಮಣ್ಣಾಗಲಿಲ್ಲ. ಮಗನಿಗೆ, ಮೊಮ್ಮಗನಿಗೆ, ಮುಂದೆ ಗಾಮ ಎಂಬ ಅಡ್ಡಹೆಸರಿನಲ್ಲಿ ಹುಟ್ಟದವರಿಗೂ ದಾಟುತ್ತ ಪೋರ್ಚುಗಲ್ಲಿನ ರಾಜಪ್ರಭುತ್ವ ಮುಗಿಯುವವರೆಗೆ ಉಳಿಯಿತು.

ಇಂಥ ಬಿರುದೊಂದರ ಚರಿತ್ರೆಯನ್ನು ಮನೆಯಲ್ಲೇ ಕುಳಿತು ಕಟ್ಟುವುದು ಹೇಗೆ ಎಂಬುದು ಈ ಲೇಖನದ ವಿಷಯ. ಉದಾಹರಣೆಗೆ ಗಾಮರನ್ನೇ ಹಿಡಿದಿದ್ದೇನೆ. ಇದೇ ದಾರಿ ಬೇರೆ ಮನೆತನಕ್ಕೂ ನಡೆಯುತ್ತದೆ. ಅಜ್ಜನ ಪೆಟ್ಟಿಗೆಯಲ್ಲಿ ಇನಾಂ ಸನದು, ಶಾನುಭೋಗರ ಲೆಕ್ಕ, ಉಂಬಳಿ ಜಮೀನಿನ ಕಾಗದ ಬಿಡಿಸಿ ಓದಿದವರಿಗೆ ಈ ಕೆಲಸ ಅಪರಿಚಿತವೆನಿಸದು. ಭಾಷೆ ಬೇರೆ, ಹಟ ಒಂದೇ.

ಮೊದಲು ಒಂದು ಗೆರೆ ಹಾಕಿದ ನೋಟ್‌ಬುಕ್ ತೆಗೆದುಕೊಳ್ಳಿ. ಪುಟದಲ್ಲಿ ಐದು ಅಂಕಣ ಮಾಡಿ: ದಿನಾಂಕ, ಕೊಟ್ಟವರು, ಪಡೆದವರು, ಎಷ್ಟು ತಲೆಮಾರಿಗೆ, ಯಾವ ಕಾಗದದಲ್ಲಿ. ಅಂತರ್ಜಾಲದಲ್ಲಿ ಸಿಗುವ ಬಣ್ಣಬಣ್ಣದ ವಂಶವೃಕ್ಷಗಳಲ್ಲಿ ಮೊದಲ ಮತ್ತು ಮೂರನೆಯ ಅಂಕಣಕ್ಕೆ ಬೇಕಾದದ್ದು ಧಾರಾಳವಾಗಿರುತ್ತದೆ. ಉಳಿದ ಮೂರು ಖಾಲಿ. ನಿಮ್ಮ ಕೆಲಸವಿರುವುದು ಆ ಮೂರರಲ್ಲಿ.

1. ಬಿರುದನ್ನೂ ಅಡ್ಡಹೆಸರನ್ನೂ ಬೇರೆ ಮಾಡಿ

ಗಾಮ ಎಂಬುದು ಮನೆತನದ ಹೆಸರು. ವಿದಿಗೈರಾ ಎಂಬುದು ಊರಿನ ಹೆಸರು. ದಕ್ಷಿಣ ಪೋರ್ಚುಗಲ್ಲಿನ ಅಲೆಂತೆಜು ಸೀಮೆಯಲ್ಲಿ, ಬೆಜಾ ಜಿಲ್ಲೆಯಲ್ಲಿದೆ. ಬಿರುದು ಅಂಟಿಕೊಂಡಿರುವುದು ಊರಿಗೆ, ರಕ್ತಕ್ಕಲ್ಲ. ‘ಗಾಮ ಮನೆತನದ ಇತಿಹಾಸ’ ಎಂದು ಹುಡುಕಲು ಹೊರಟರೆ ದಾರಿ ಹತ್ತಾಗಿ ಒಡೆಯುತ್ತದೆ. ‘ವಿದಿಗೈರಾದ ಕೌಂಟ್’ ಎಂದು ಹುಡುಕಿದರೆ ಒಬ್ಬರ ಹಿಂದೆ ಒಬ್ಬರು ಸಾಲಾಗಿ ಸಿಗುತ್ತಾರೆ, ಅವರ ಅಡ್ಡಹೆಸರು ಏನೇ ಇರಲಿ.

ಪೋರ್ಚುಗಲ್ಲಿನಲ್ಲಿ ಮೇಲಿನಿಂದ ಕೆಳಕ್ಕೆ ಡ್ಯೂಕ್, ಮಾರ್ಕ್ವಿಸ್, ಕೌಂಟ್, ವಿಸ್ಕೌಂಟ್, ಬ್ಯಾರನ್ ಎಂಬ ಮೆಟ್ಟಿಲುಗಳಿದ್ದವು. ಅವು ಒಂದೇ ಕಾಲಕ್ಕೆ ಬಂದವಲ್ಲ. ಊರಿಗೆ ಅಂಟಿದ ಬಿರುದಾಗಿ ಕೌಂಟ್ ಕಾಣಿಸಿಕೊಂಡಿದ್ದು 1298ರಲ್ಲಿ, ಬಾರ್ಸೆಲೊಸ್ ಊರಿನ ಹೆಸರಿನಲ್ಲಿ. ಉತ್ತರ ಆಫ್ರಿಕಾದ ಸೆಯುಟಾ ಬಂದರು ಗೆದ್ದ 1415ರಲ್ಲಿ ರಾಜಕುಮಾರರಿಬ್ಬರು ಮೊದಲ ಡ್ಯೂಕ್‌ಗಳಾದರು. ಮಾರ್ಕ್ವಿಸ್ 1451ರಲ್ಲಿ, ಬ್ಯಾರನ್ 1475ರಲ್ಲಿ, ವಿಸ್ಕೌಂಟ್ ಅದರ ಮರುವರ್ಷ. ಯಾರಾದರೂ 1400ರ ಬ್ಯಾರನ್ ಪೂರ್ವಜನನ್ನು ತೋರಿಸಿದರೆ ಸುಮ್ಮನೆ ನಕ್ಕು ಮುಂದೆ ಹೋಗಿ.

19ನೇ ಶತಮಾನದ ಬಿರುದುಗಳ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಆಗ ಹಣವಂತರಿಗೂ ರಾಜಕಾರಣಿಗಳಿಗೂ ಬಿರುದುಗಳನ್ನು ಎಷ್ಟು ಉದಾರವಾಗಿ ಹಂಚಿದರೆಂದರೆ ಲಿಸ್ಬನ್ನಿನ ಜನ ಒಂದು ಗೇಲಿಮಾತನ್ನೇ ಕಟ್ಟಿಕೊಂಡಿದ್ದರು. ‘ಓಡು ನಾಯಿ, ನಿನ್ನನ್ನು ಬ್ಯಾರನ್ ಮಾಡುತ್ತಾರೆ!’ ಎಂದರೆ ನಾಯಿ, ‘ಎಲ್ಲಿಗೆ ಓಡಲಿ, ಅಲ್ಲಿ ವಿಸ್ಕೌಂಟ್ ಮಾಡುತ್ತಾರಲ್ಲ!’ ಎನ್ನುತ್ತದಂತೆ. ಗೋವೆಗೂ ಆ ಹಂಚಿಕೆಯ ಪಾಲು ಬಂತು. ಪೆಡ್ಣೆಯ ದೇಶಪ್ರಭು ಮನೆತನ ಹಿಂದೂಗಳದ್ದು. ಅವರಿಗೂ ಪೋರ್ಚುಗೀಸ್ ವಿಸ್ಕೌಂಟ್ ಬಿರುದು ಸಿಕ್ಕಿತ್ತು.

2. ಮೂಲ ಸನದನ್ನು ಹುಡುಕಿ, ಅದರ ಹಿಂದಿನ ಜಗಳವನ್ನೂ ಹುಡುಕಿ

ಬಿರುದು ಆಕಾಶದಿಂದ ಉದುರುವುದಿಲ್ಲ. ಒಬ್ಬ ರಾಜ, ಒಂದು ದಿನ, ಒಂದು ಊರಿನಲ್ಲಿ ಕುಳಿತು ಕೊಟ್ಟ ಕಾಗದ ಇದ್ದೇ ಇರುತ್ತದೆ. ಪೋರ್ಚುಗೀಸರು ಅದನ್ನು ‘ಕಾರ್ತಾ’ ಎನ್ನುತ್ತಾರೆ, ಅಂದರೆ ಪತ್ರ. ವಿದಿಗೈರಾದ ಕಾರ್ತಾ ಹೊರಟಿದ್ದು ಎವೊರಾ ನಗರದಿಂದ, 1519ರ ಡಿಸೆಂಬರ್ 29ರಂದು. ಕೊಟ್ಟವನು ದೊರೆ ಮ್ಯಾನುಯೆಲ್.

ಇಲ್ಲಿ ಒಂದು ಪ್ರಶ್ನೆ ಏಳಬೇಕು. ಗಾಮ ಭಾರತದಿಂದ ಮರಳಿದ್ದು 1499ರಲ್ಲಿ. ಕೌಂಟ್ ಆಗಲು ಇಪ್ಪತ್ತು ವರ್ಷ ಏಕೆ ಬೇಕಾಯಿತು? ಸನದಿನಲ್ಲಿ ಇದಕ್ಕೆ ಉತ್ತರ ಸಿಗುವುದಿಲ್ಲ. ಅದರ ಆಚೀಚಿನ ಕಾಗದಗಳನ್ನು ಓದಬೇಕು.

ಗಾಮ ಹುಟ್ಟಿದ್ದು ಸಿನೆಸ್ ಎಂಬ ಕಡಲತೀರದ ಊರಿನಲ್ಲಿ. ತಂದೆ ಎಸ್ತೆವಾಂವ್ ಅಲ್ಲಿನ ಕಿಲ್ಲೇದಾರ. ಹಡಗು ಮರಳಿದ ಖುಷಿಯಲ್ಲಿ ರಾಜ ಆ ಸಿನೆಸನ್ನೇ ಉಂಬಳಿಯಾಗಿ ಕೊಡುವ ಮಾತು ಕೊಟ್ಟ. ಆದರೆ ಊರು ರಾಜನ ಕೈಯಲ್ಲಿರಲಿಲ್ಲ. ಅದು ಸಾಂತಿಯಾಗೊ ಎಂಬ ಯೋಧ-ಸನ್ಯಾಸಿಗಳ ಪಂಥದ ಸ್ವತ್ತು. ಪಂಥದ ಮುಖ್ಯಸ್ಥ ದೊಂ ಜೋರ್ಜ್ ಹಿಂದಿನ ದೊರೆಯ ಅನೌರಸ ಮಗ. ಅವನು ಕೊಡಲೊಪ್ಪಲಿಲ್ಲ. ರಾಜ ಬದಲಿಗೆ ‘ದೊಂ’ ಎಂಬ ಗೌರವ, ಭಾರತದ ಕಡಲುಗಳ ಅಡ್ಮಿರಲ್ ಪದವಿ, ವರ್ಷಕ್ಕೆ 3,00,000 ರೆಯಾಲ್ ವಂಶಪಾರಂಪರ್ಯ ವರ್ಷಾಶನ ಕೊಟ್ಟು ಸಮಾಧಾನ ಮಾಡಲು ನೋಡಿದ. ಗಾಮನ ಕಣ್ಣು ಮಾತ್ರ ಸಿನೆಸ್ ಮೇಲೇ ಇತ್ತು. ಊರು ಕೈಗೆ ಬಂದೇಬಿಟ್ಟಿತೆಂಬಂತೆ ಅಲ್ಲಿ ಮನೆ ಕಟ್ಟಿಸತೊಡಗಿದ. ಕೊನೆಗೆ 1507ರಲ್ಲಿ ಅದೇ ರಾಜನ ಆಜ್ಞೆ ಬಂತು: ಸಂಸಾರ ಸಮೇತ ಸಿನೆಸ್ ಬಿಟ್ಟು ಹೊರಡತಕ್ಕದ್ದು. ಭಾರತದ ದಾರಿ ಕಂಡುಬಂದವನಿಗೆ ಹುಟ್ಟೂರಿನ ದಾರಿ ಮುಚ್ಚಿತು.

ಮುಂದೆ ಹನ್ನೆರಡು ವರ್ಷ ಅವನಿಗೆ ಹೇಳಿಕೊಳ್ಳುವಂಥದ್ದೇನೂ ಸಿಗಲಿಲ್ಲ. ಅಷ್ಟರಲ್ಲಿ ಮೆಗೆಲನ್ ಎಂಬ ಇನ್ನೊಬ್ಬ ಪೋರ್ಚುಗೀಸ್ ನಾವಿಕ ಮುನಿಸಿಕೊಂಡು ಸ್ಪೇನಿನ ದೊರೆಯನ್ನು ಸೇರಿಕೊಂಡ. 1518ರಲ್ಲಿ ಗಾಮನೂ ರಾಜ್ಯ ಬಿಟ್ಟು ಹೋಗಲು ಅಪ್ಪಣೆ ಕೇಳಿದ. ಮ್ಯಾನುಯೆಲ್ ಬೆಚ್ಚಿದ, ಇನ್ನಷ್ಟು ಕಾಲ ತಡೆ ಎಂದ. ಮರುವರ್ಷ ಬ್ರಗಾಂಸಾದ ಡ್ಯೂಕ್ ಜೈಮೆ ತನ್ನ ವಿದಿಗೈರಾ ಮತ್ತು ವಿಲಾ ದೊಸ್ ಫ್ರಾದೆಸ್ ಊರುಗಳನ್ನು ಗಾಮನಿಗೆ ಬಿಟ್ಟುಕೊಟ್ಟ. ಧರ್ಮಕ್ಕಲ್ಲ, ಗಾಮ ಬೆಲೆ ತೆತ್ತು ಪಡೆದ. ಬಿರುದಿಗೆ ಒಂದು ಊರು ಬೇಕಿತ್ತು, ಊರು ಸಿಕ್ಕಿತು. ರಾಜವಂಶದ ರಕ್ತವಿಲ್ಲದವನೊಬ್ಬ ಆ ಕಾಲದಲ್ಲಿ ಕೌಂಟ್ ಆದದ್ದು ಹೀಗೆ.

ಆದ್ದರಿಂದ ಸನದು ಸಿಕ್ಕ ಕೂಡಲೇ ನೋಟ್‌ಬುಕ್ಕಿನಲ್ಲಿ ಎರಡು ಪ್ರಶ್ನೆ ಬರೆದುಕೊಳ್ಳಿ: ಭೂಮಿ ಮೊದಲು ಯಾರದ್ದಾಗಿತ್ತು? ಕೊಡದಿದ್ದರೆ ರಾಜನಿಗೆ ಏನು ನಷ್ಟವಾಗುತ್ತಿತ್ತು?

3. ಎಷ್ಟು ತಲೆಮಾರಿಗೆ ಎಂಬುದನ್ನು ಓದದೆ ಪುಟ ತಿರುಗಿಸಬೇಡಿ

ಪೋರ್ಚುಗೀಸ್ ಬಿರುದುಗಳೆಲ್ಲ ತಂದೆಯಿಂದ ಮಗನಿಗೆ ತಾನಾಗಿ ಬರುತ್ತಿರಲಿಲ್ಲ. ಸನದಿನಲ್ಲಿ ‘ಜುರು ಇ ಎರ್ದಾದೆ’ ಎಂಬ ಮಾತಿದ್ದರೆ ಅದು ಶಾಶ್ವತ, ವಂಶಪಾರಂಪರ್ಯ. ‘ಎಂ ವಿದಾ’ ಎಂದಿದ್ದರೆ ಪಡೆದವನ ಆಯುಷ್ಯದ ಮಟ್ಟಿಗೆ ಮಾತ್ರ. ‘ದುವಾಸ್ ವಿದಾಸ್’ ಎಂದರೆ ಎರಡು ಜೀವಮಾನ. ಮೂರನೆಯವನು ಹೊಸದಾಗಿ ಅರ್ಜಿ ಹಾಕಿ ಅರಮನೆಯ ಬಾಗಿಲು ಕಾಯಬೇಕು. ನಡುವೆ ಇಪ್ಪತ್ತು ಮೂವತ್ತು ವರ್ಷ ಬಿರುದು ಖಾಲಿ ಬಿದ್ದಂತೆ ಕಂಡರೆ ವಂಶ ನಿಂತಿತೆಂದು ತೀರ್ಮಾನಿಸಬೇಡಿ. ನವೀಕರಣ ಸಿಕ್ಕಿರಲಿಕ್ಕಿಲ್ಲ, ಅಷ್ಟೇ.

ಇದರ ಜೊತೆಗೇ ತಿಳಿದಿರಬೇಕಾದ್ದು 1434ರ ‘ಲೇಯ್ ಮೆಂತಾಲ್’. ದೊರೆ ದುವಾರ್ತೆ ಹೊರಡಿಸಿದ ಕಾನೂನು. ಹೆಸರಿನ ಅರ್ಥ ‘ಮನಸ್ಸಿನ ಕಾನೂನು’. ಅವನ ತಂದೆ ಅದನ್ನು ಬರೆಯದೆ ಮನಸ್ಸಿನಲ್ಲಿಟ್ಟುಕೊಂಡೇ ನಡೆಸಿದ್ದನಂತೆ. ಅದರ ಪ್ರಕಾರ ರಾಜನಿಂದ ಬಂದ ಭೂಮಿಯನ್ನು ಪಾಲು ಮಾಡುವಂತಿಲ್ಲ. ಅದು ಹಿರಿಯ ಔರಸ ಮಗನಿಗೆ ಮಾತ್ರ. ಹೆಣ್ಣುಮಕ್ಕಳಿಗೆ ಸೇರಬೇಕಾದರೆ ರಾಜ ವಿಶೇಷ ವಿನಾಯಿತಿ ಕೊಡಬೇಕು.

ಈ ಒಂದು ಕಾನೂನು ಗೊತ್ತಿದ್ದರೆ ಗಾಮನ ಮಕ್ಕಳ ಬದುಕು ಅರ್ಥವಾಗುತ್ತದೆ. ಹಿರಿಯ ಮಗ ಫ್ರಾನ್ಸಿಸ್ಕೊ 2ನೇ ಕೌಂಟ್ ಆಗಿ ಪೋರ್ಚುಗಲ್ಲಿನಲ್ಲೇ ಉಳಿದ. ತಮ್ಮಂದಿರಿಗೆ ಇದ್ದದ್ದು ಕಡಲು. ಎಸ್ತೆವಾಂವ್ 1540ರಿಂದ 1542ರವರೆಗೆ ಗೋವೆಯಲ್ಲಿ ಗವರ್ನರ್ ಆಗಿದ್ದು, ನೌಕಾಪಡೆಯನ್ನು ಕೆಂಪು ಸಮುದ್ರದ ಸೂಯೆಜ್‌ವರೆಗೆ ಕೊಂಡೊಯ್ದ. ಅದೇ ದಂಡಯಾತ್ರೆಯಿಂದ ಸುಮಾರು 400 ಸೈನಿಕರೊಡನೆ ಇಥಿಯೋಪಿಯಾಕ್ಕೆ ಹೋದ ಕ್ರಿಸ್ತೊವಾಂವ್ 1542ರಲ್ಲಿ ಅಲ್ಲೇ ಸೆರೆಸಿಕ್ಕು ಕೊಲೆಯಾದ. ಇನ್ನೊಬ್ಬ, ಪಾವ್ಲೊ, ಮಲಾಕ್ಕಾದಲ್ಲಿ ಸತ್ತ. ಬಿರುದು ಒಬ್ಬನಿಗೆ, ಬಿಸಿಲು ಉಳಿದವರಿಗೆ.

4. ದಿನಾಂಕದ ಬಲೆಗಳು

1422ರ ಮೊದಲಿನ ಪೋರ್ಚುಗೀಸ್ ಕಾಗದದಲ್ಲಿ ‘ಎರಾ’ ಎಂದು ಬರೆದ ಇಸವಿ ಕಂಡರೆ ಅದರಿಂದ 38 ಕಳೆಯಿರಿ. ಅದು ಹಳೆಯ ಸ್ಪ್ಯಾನಿಷ್ ಶಕೆ. ನಮ್ಮ ಶಾಸನಗಳ ಶಕವರ್ಷಕ್ಕೆ 78 ಕೂಡಿಸುತ್ತೇವಲ್ಲ, ಹಾಗೆ. 1422ರಿಂದ ಕ್ರಿಸ್ತಜನನದ ಲೆಕ್ಕ ಬಂತು, ಆದರೆ ಹೊಸ ವರ್ಷ ಆರಂಭವಾಗುತ್ತಿದ್ದುದು ಕ್ರಿಸ್‌ಮಸ್ ದಿನ. ಹಾಗಾಗಿ ಡಿಸೆಂಬರ್ ಕೊನೆಯ ವಾರದ ಪತ್ರಗಳಲ್ಲಿ ಮುಂದಿನ ಇಸವಿ ಇರಬಹುದು. ಗಾಮನ ಸನದಿನ 29ನೇ ತಾರೀಖು ಸರಿಯಾಗಿ ಈ ವಾರಕ್ಕೇ ಬೀಳುತ್ತದೆ. ಎಲ್ಲಾದರೂ 1520 ಎಂದು ಕಂಡರೆ ಗಾಬರಿಯಾಗಬೇಡಿ. 1582ರ ಅಕ್ಟೋಬರ್‌ನಲ್ಲಿ 4ರ ಮರುದಿನ 15. ಆ ತಿಂಗಳ 10ರಂದು ಲಿಸ್ಬನ್ನಿನಲ್ಲಿ ಯಾರೂ ಹುಟ್ಟಿಲ್ಲ, ಸತ್ತೂ ಇಲ್ಲ.

5. ಹೆಸರುಗಳು ಮೋಸ ಮಾಡುತ್ತವೆ

ಗಾಮರ ಮನೆಯಲ್ಲಿ ಒಂದು ವಾಸ್ಕೋ, ಒಂದು ಫ್ರಾನ್ಸಿಸ್ಕೊ, ಮತ್ತೆ ವಾಸ್ಕೋ, ಮತ್ತೆ ಫ್ರಾನ್ಸಿಸ್ಕೊ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿ ನಮಗೆ ಹೊಸದೇನಲ್ಲ, ಆದರೂ ನಾನು ಒಮ್ಮೆ 2ನೇ ಕೌಂಟನ ಮದುವೆಯನ್ನು 4ನೇ ಕೌಂಟನ ತಲೆಗೆ ಕಟ್ಟಿ ಎರಡು ದಿನ ಕಳೆದುಕೊಂಡಿದ್ದೇನೆ. ಹೆಸರಿನ ಮುಂದೆ ಸಂಖ್ಯೆ ಹಾಕದೆ ಏನನ್ನೂ ಬರೆಯಬೇಡಿ.

ಇದಕ್ಕಿಂತ ದೊಡ್ಡ ತೊಡಕು ಅಡ್ಡಹೆಸರಿನದು. ಆ ಕಾಲದ ಪೋರ್ಚುಗೀಸರು ತಾಯಿಯ, ಅಜ್ಜಿಯ ಅಡ್ಡಹೆಸರನ್ನು ಇಷ್ಟಬಂದಂತೆ ಇಟ್ಟುಕೊಳ್ಳುತ್ತಿದ್ದರು. ಸಂತ ಫ್ರಾನ್ಸಿಸ್ ಕ್ಸೇವಿಯರ್ 1552ರಲ್ಲಿ ಚೀನಾಕ್ಕೆ ಹೊರಟಾಗ ಮಲಾಕ್ಕಾದಲ್ಲಿ ಅಡ್ಡ ನಿಂತ ಅಧಿಕಾರಿಯನ್ನು ಅಲ್ವಾರೊ ದೆ ಅತಾಯ್ದೆ ಎಂದು ಓದುತ್ತೇವೆ. ಆತ ವಾಸ್ಕೋ ಡ ಗಾಮನ ಸ್ವಂತ ಮಗ. ಅತಾಯ್ದೆ ಎಂಬುದು ತಾಯಿ ಕತರಿನಾಳ ಮನೆಯ ಹೆಸರು. ಇನ್ನೊಬ್ಬ ಮಗ ಪೆದ್ರೊ, ದ ಸಿಲ್ವಾ ಎಂದು ಕರೆಸಿಕೊಂಡ. ‘ಗಾಮ’ ಎಂಬ ಪದ ಹುಡುಕಿದರೆ ಇವರಿಬ್ಬರೂ ಕೈ ತಪ್ಪುತ್ತಾರೆ.

ಇದರ ತಿರುಗುಮುರುಗು ಕಥೆ ನಮ್ಮ ಕರಾವಳಿಯಲ್ಲೇ ನಡೆದಿದೆ. 1498ರ ಸೆಪ್ಟೆಂಬರ್‌ನಲ್ಲಿ ಗಾಮನ ಹಡಗುಗಳು ಕಾರವಾರದ ಎದುರಿನ ಅಂಜುದೀವ್ ದ್ವೀಪದಲ್ಲಿ ನಿಂತಿದ್ದಾಗ ಯಹೂದಿಯೊಬ್ಬ ಅವರ ಬಳಿ ಬಂದ. ಗೂಢಚಾರನೆಂದು ಹಿಡಿದು ಹಿಂಸಿಸಿ, ಕೊನೆಗೆ ಪೋರ್ಚುಗಲ್ಲಿಗೆ ಒಯ್ದರು. ದೀಕ್ಷಾಸ್ನಾನವಾಗಿ ಅವನು ಗಾಸ್ಪರ್ ದ ಗಾಮ ಆದ. ಸೆರೆಹಿಡಿದವನ ಅಡ್ಡಹೆಸರೇ ಸೆರೆಯಾದವನಿಗೂ ಬಂತು. ಮಂಗಳೂರು, ಕಾರವಾರ, ಗೋವೆಯ ಕ್ರೈಸ್ತ ಮನೆತನಗಳ ಪೋರ್ಚುಗೀಸ್ ಅಡ್ಡಹೆಸರುಗಳೂ ಬಹುಮಟ್ಟಿಗೆ ಹೀಗೆಯೇ, ದೀಕ್ಷೆ ಕೊಟ್ಟ ಪಾದ್ರಿಯಿಂದಲೋ ಧರ್ಮಪಿತನಿಂದಲೋ ಬಂದವು. ಅಡ್ಡಹೆಸರು ಒಂದೇ ಎಂದು ಯಾರಾದರೂ ದುಡ್ಡು ಪಡೆದು ನಿಮ್ಮ ಮನೆಗೆ ಕುಲೀನರ ಲಾಂಛನ ಬರೆದುಕೊಡಲು ಬಂದರೆ, ಗಾಸ್ಪರನನ್ನು ನೆನೆದು ಬಾಗಿಲು ಹಾಕಿಕೊಳ್ಳಿ.

6. ಸಾಲು ಹಿಡಿದು ಇಳಿಯಿರಿ, ಹೆಣ್ಣುಮಕ್ಕಳಲ್ಲಿ ನಿಲ್ಲಿ

ಪ್ರತಿ ಕೌಂಟನಿಗೂ ಒಂದೊಂದು ಪುಟ ಕೊಡಬೇಕಾಗಿಲ್ಲ. ಬಿರುದಿನ ಗತಿ ಬದಲಾದ ಕಡೆ ಮಾತ್ರ ತಂಗಿ. ಗಾಮರಲ್ಲಿ ಅಂಥ ತಾಣ ಮೂರು.

ಮೊದಲನೆಯದು 4ನೇ ಕೌಂಟ್ ಫ್ರಾನ್ಸಿಸ್ಕೊ, ವಾಸ್ಕೋನ ಮರಿಮಗ. ಪೋರ್ಚುಗಲ್ ಆಗ ಸ್ಪೇನಿನ ದೊರೆಗಳ ಕೈಯಲ್ಲಿತ್ತು. ಅವರಡಿಯಲ್ಲೇ ಈತ 1597ರಿಂದ 1600ರವರೆಗೆ, ಮತ್ತೆ 1622ರಿಂದ 1628ರವರೆಗೆ ಭಾರತದ ವೈಸ್‌ರಾಯ್. ಹಳೆಯ ಗೋವೆಯ ನದಿದಂಡೆಯಲ್ಲಿ ಮುತ್ತಜ್ಜನ ನೆನಪಿಗೆ ಕಮಾನು ಎತ್ತಿಸಿ ವಾಸ್ಕೋನ ಪ್ರತಿಮೆ ನಿಲ್ಲಿಸಿದ. ಮೊಮ್ಮಕ್ಕಳ ಹೆಮ್ಮೆ ಊರಿನವರಿಗೆ ಹಿಡಿಸಲೇಬೇಕೆಂದಿಲ್ಲ. ಮೊದಲ ಅವಧಿ ಮುಗಿಸಿ ಹೊರಟ ಹೊತ್ತಿಗೆ ಅವನ ವಿರೋಧಿಗಳು ಪ್ರತಿಮೆಯನ್ನೇ ಕೆಡವಿದರು. ಆಮೇಲೆ ಮತ್ತೆ ಇಡಬೇಕಾಯಿತು. ಇಂದು ನಾವು ನೋಡುವ ಕಮಾನು 1954ರಲ್ಲಿ ಪುನಃ ಕಟ್ಟಿದ್ದು.

ಎರಡನೆಯದು 5ನೇ ಕೌಂಟ್ ವಾಸ್ಕೋ ಲೂಯಿಸ್. 1640ರಲ್ಲಿ ಪೋರ್ಚುಗಲ್ ಸ್ಪೇನಿನಿಂದ ಬಿಡಿಸಿಕೊಂಡಾಗ ಈತ ಹೊಸ ದೊರೆ ನಾಲ್ಕನೇ ಜುವಾಂವ್‌ನ ಪಕ್ಷ ಹಿಡಿದು, ಪ್ಯಾರಿಸ್ಸಿನಲ್ಲಿ ರಾಯಭಾರಿಯಾದ. 1646ರ ಅಕ್ಟೋಬರ್ 18ರಂದು ‘ನಿಸಾದ ಮಾರ್ಕ್ವಿಸ್’ ಬಿರುದು ಬಂತು. ಅಲ್ಲಿಂದ ಮುಂದೆ ಮನೆತನ ಲೋಕಕ್ಕೆ ಕಾಣಿಸುವುದು ನಿಸಾ ಎಂಬ ಹೆಸರಿನಲ್ಲಿ. ವಿದಿಗೈರಾ ಎರಡನೆಯ ಸಾಲಿಗೆ ಸರಿಯುತ್ತದೆ, ಮಾಯವಾಗುವುದಿಲ್ಲ. ಹುಡುಕುವವರು ಇಲ್ಲಿ ಪದ ಬದಲಿಸದಿದ್ದರೆ ಜಾಡು ಕಡಿದಂತೆಯೇ. ಹಳೆಯ ಕಾಗದಗಳಲ್ಲಿ ನಿಸಾದ ಕಾಗುಣಿತದಲ್ಲಿ ‘ಎಸ್’ ಬದಲು ‘ಝಡ್’ ಅಕ್ಷರವಿರುತ್ತದೆ. ಎರಡನ್ನೂ ಹಾಕಿ ನೋಡಿ.

ಮೂರನೆಯದು ಗಂಡು ಸಂತಾನ ನಿಂತು ಬಿರುದು ಹೆಣ್ಣುಮಕ್ಕಳ ಮೂಲಕ ದಾಟಿದ 18ನೇ ಶತಮಾನ. 1798ರಲ್ಲಿ ಮೆಡಿಟರೇನಿಯನ್ನಿನಲ್ಲಿ ಬ್ರಿಟಿಷ್ ನೌಕಾಧಿಪತಿ ನೆಲ್ಸನ್ನನ ಜೊತೆ ಮಾಲ್ಟಾ ದಿಗ್ಬಂಧನಕ್ಕೆ ಪೋರ್ಚುಗೀಸ್ ನೌಕಾಪಡೆಯನ್ನು ನಡೆಸಿಕೊಂಡು ಹೋದವನು ನಿಸಾದ 7ನೇ ಮಾರ್ಕ್ವಿಸ್. ಹೆಸರು ಡೊಮಿಂಗೊಸ್ ಕ್ಸೇವಿಯರ್ ದೆ ಲಿಮಾ. ಗಾಮ ಅಲ್ಲ, ಲಿಮಾ! ಇಂಥ ಕಡೆ ಮದುವೆಯ ಕರಾರು ಹುಡುಕಿ. ಯಾವ ಮಗಳಿಂದ ಬಿರುದು ಯಾವ ಮನೆಗೆ ಹೋಯಿತೆಂಬುದು ಅದರಲ್ಲಿರುತ್ತದೆ. ವಂಶವೃಕ್ಷ ಬರೆಯುವವರು ಹೆಣ್ಣುಮಕ್ಕಳ ಹೆಸರನ್ನು ಸಣ್ಣ ಅಕ್ಷರದಲ್ಲಿ ಮುಗಿಸಿಬಿಡುತ್ತಾರೆ. ನೀವು ಅದನ್ನೇ ದಪ್ಪ ಅಕ್ಷರದಲ್ಲಿ ಬರೆದುಕೊಳ್ಳಿ.

7. ‘ಸೇವೆ’ ಎಂಬ ಪದವನ್ನು ಬಿಡಿಸಿ ನೋಡಿ

ಸನದುಗಳಲ್ಲಿ ‘ಸಲ್ಲಿಸಿದ ಸೇವೆಗಳಿಗಾಗಿ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಯಾವ ಸೇವೆ ಎಂದು ಹೊರಗಿನ ದಾಖಲೆಗಳಲ್ಲಿ ಹುಡುಕಿ. 1502ರಲ್ಲಿ ಎರಡನೆಯ ಬಾರಿ ಬಂದ ಗಾಮ ಮಲಬಾರ್ ಕಡಲಿನಲ್ಲಿ ಮೆಕ್ಕಾ ಯಾತ್ರೆಯಿಂದ ಮರಳುತ್ತಿದ್ದ ಹಡಗೊಂದನ್ನು ಹಿಡಿದು, ಕೊಳ್ಳೆ ಹೊಡೆದು, ಒಳಗಿದ್ದ ನೂರಾರು ಜನರ ಸಮೇತ ಸುಟ್ಟ. ಹೆಂಗಸರು ಮಕ್ಕಳನ್ನು ಎತ್ತಿ ತೋರಿಸಿ ಬೇಡಿಕೊಂಡರೆಂದು ಅವನ ಕಡೆಯವರೇ ಬರೆದಿಟ್ಟಿದ್ದಾರೆ. ಅದೇ ಯಾತ್ರೆಯಲ್ಲಿ ನಮ್ಮ ಹೊನ್ನಾವರ, ಭಟ್ಕಳದ ಬಂದರುಗಳೂ ಅವನ ಕೈಯ ಬಿಸಿ ಕಂಡವು. ಗಾಮರ ಲಾಂಛನದ ಶಿಖರದಲ್ಲಿ ದಾಲ್ಚಿನ್ನಿ ಕೊಂಬೆ ಹಿಡಿದ ನಾಯರ್ ಯೋಧನೊಬ್ಬನ ಅರ್ಧಚಿತ್ರವಿದೆ. ಆ ಚಿತ್ರವನ್ನು ನೋಡುವಾಗ ಸುಟ್ಟ ಹಡಗೂ ನೆನಪಿರಬೇಕು. ಇಲ್ಲದಿದ್ದರೆ ನೀವು ಬರೆಯುವುದು ಬಿರುದಿನ ಚರಿತ್ರೆಯಾಗದೆ ಬಿರುದಾವಳಿಯಾಗುತ್ತದೆ.

8. ಎಲ್ಲಿ ಹುಡುಕಬೇಕು

ಮುಖ್ಯ ಭಂಡಾರ ಲಿಸ್ಬನ್ನಿನ ತೊರ್ರೆ ದೊ ತೊಂಬೊ, ರಾಷ್ಟ್ರೀಯ ದಫ್ತರ. ತೊಂಬೊ ಎಂದರೆ ಆಸ್ತಿಗಳ ದಾಖಲೆ ಪುಸ್ತಕ, ತೊರ್ರೆ ಎಂದರೆ ಗೋಪುರ. ಕಾಗದಗಳು ನಿಜಕ್ಕೂ ಕೋಟೆಯ ಗೋಪುರದಲ್ಲೇ ಇದ್ದವು. 1755ರ ನವೆಂಬರ್ 1ರ ಭೂಕಂಪದಲ್ಲಿ ಗೋಪುರ ಕುಸಿಯಿತು, ಕಾಗದಗಳು ಬದುಕಿದವು. ಈಗಿನ ಕಟ್ಟಡ 1990ರದ್ದು. ಅದರ ಸೂಚಿಯನ್ನೂ ಅನೇಕ ದಾಖಲೆಗಳ ಚಿತ್ರಗಳನ್ನೂ ಅಂತರ್ಜಾಲದಲ್ಲಿ ಉಚಿತವಾಗಿ ನೋಡಬಹುದು. 16ನೇ ಶತಮಾನಕ್ಕೆ ಆಯಾ ದೊರೆಯ ‘ಶಾನ್ಸೆಲರಿಯಾ’ ಪುಸ್ತಕಗಳನ್ನು, ಅಂದರೆ ಹೊರಟ ರಾಜಪತ್ರಗಳ ನಕಲು ಬರೆದಿಟ್ಟ ಕಡತಗಳನ್ನು, 17ನೇ ಶತಮಾನದ ನಡುವಿನಿಂದ ‘ಮೆರ್ಸೆಸ್’ ಎಂಬ ಕೊಡುಗೆಗಳ ಪಟ್ಟಿಯನ್ನು ನೋಡಿ. ಪೋರ್ಚುಗೀಸ್ ಬಾರದವರಿಗೆ ಸೂಚಿಯ ಮಟ್ಟಿಗೆ ಯಂತ್ರಾನುವಾದ ಸಾಕು. ಸನದಿನ ಒಡಲಿಗೆ ಸಾಲದು. ಅದನ್ನು ನಂಬಿದರೆ ‘ವಿದಾ’ ಎಲ್ಲೋ ಕಳೆದುಹೋಗುತ್ತದೆ.

ನಮಗೆ ಹತ್ತಿರದ ಭಂಡಾರ ಪಣಜಿಯಲ್ಲಿದೆ. ಗೋವೆಯ ದಫ್ತರದಲ್ಲಿ ‘ಮಾನ್ಸೂನ್ ಪುಸ್ತಕ’ಗಳೆಂಬ ಸಾಲೇ ಇದೆ. ರಾಜನ ಪತ್ರಗಳು ಮಳೆಗಾಳಿ ನಂಬಿ ಬರುವ ಹಡಗುಗಳಲ್ಲೇ ಬರುತ್ತಿದ್ದುದರಿಂದ ಆ ಹೆಸರು. 4ನೇ ಕೌಂಟನ ವೈಸ್‌ರಾಯ್ ಕಾಲಕ್ಕೆ ಇವು ಬೇಕೇ ಬೇಕು. ಇವುಗಳಲ್ಲಿ ಕೆಲವು ಸಂಪುಟಗಳು 18ನೇ ಶತಮಾನದಲ್ಲಿ ಲಿಸ್ಬನ್ನಿಗೆ ಹೋದವು. ಹಾಗಾಗಿ ಒಂದೆಡೆ ಸಿಗದಿದ್ದರೆ ಇನ್ನೊಂದೆಡೆ ನೋಡಬೇಕು.

ಕಲ್ಲುಗಳನ್ನೂ ಓದಿ, ಆದರೆ ಕಣ್ಣುಮುಚ್ಚಿ ನಂಬಬೇಡಿ. ಗಾಮನ ಮೊದಲ ಸಮಾಧಿ ಕೊಚ್ಚಿ ಕೋಟೆಯ ಸೇಂಟ್ ಫ್ರಾನ್ಸಿಸ್ ಚರ್ಚಿನಲ್ಲಿದೆ, ಈಗ ಖಾಲಿ. ಅಸ್ಥಿ 1530ರ ದಶಕದ ಕೊನೆಗೆ ವಿದಿಗೈರಾದ ಕಾರ್ಮೆಲ್ ಮಠಕ್ಕೆ ಹೋಯಿತು. 1834ರಲ್ಲಿ ಪೋರ್ಚುಗಲ್ ಸನ್ಯಾಸಿ ಮಠಗಳನ್ನು ರದ್ದು ಮಾಡಿದ ಮೇಲೆ ಅಲ್ಲಿ ಗೋರಿಗಳನ್ನು ಒಡೆದು ಕೆದಕಿದರು. 1880ರಲ್ಲಿ ಭಾರಿ ಮೆರವಣಿಗೆಯಲ್ಲಿ ಲಿಸ್ಬನ್ನಿನ ಜೆರೊನಿಮೊಸ್ ಮಠಕ್ಕೆ ತಂದದ್ದು ಬೇರೆ ಯಾರದ್ದೋ ಎಲುಬು ಎಂದು ಆಮೇಲೆ ಗೊತ್ತಾಗಿ, 1898ರಲ್ಲಿ ಮತ್ತೊಮ್ಮೆ ತರಬೇಕಾಯಿತು.

ಅಳಿಸಿದ ಕಲ್ಲೂ ಒಂದು ದಾಖಲೆ. ಸಿಂತ್ರಾ ಅರಮನೆಯ ಲಾಂಛನಗಳ ಕೋಣೆಯ ಮಾಳಿಗೆಯಲ್ಲಿ ಮ್ಯಾನುಯೆಲ್ ದೊರೆ 72 ಕುಲೀನ ಮನೆತನಗಳ ಲಾಂಛನ ಬರೆಸಿದ್ದ. 1759ರಲ್ಲಿ ರಾಜನ ಕೊಲೆಯತ್ನದ ಆರೋಪ ಹೊರಿಸಿ ತಾವೊರಾ ಮನೆಯವರನ್ನು ಕೊಂದ ಮೇಲೆ ಅವರ ಲಾಂಛನವನ್ನು ಅಲ್ಲಿಂದ ಕೆರೆದು ತೆಗೆದರು.

9. 1910ರ ಗೆರೆ

1910ರ ಅಕ್ಟೋಬರ್ 5ರಂದು ಪೋರ್ಚುಗಲ್ ಗಣರಾಜ್ಯವಾಯಿತು. ಅದೇ ತಿಂಗಳು ಬಿರುದುಗಳನ್ನು ರದ್ದು ಮಾಡಿದರು. ಅದರ ನಂತರವೂ ‘ಇಂತಿಂಥ ಕೌಂಟ್’ ಎಂದು ಕರೆಸಿಕೊಳ್ಳುವವರಿದ್ದಾರೆ, ಅದನ್ನು ಒಪ್ಪುವ ಖಾಸಗಿ ಸಂಸ್ಥೆಯೂ ಇದೆ. ಆದರೆ ಸರ್ಕಾರದ ಸನದು ಅದರ ಹಿಂದಿಲ್ಲ. ಬಿರುದು ಕೊಡಿಸುತ್ತೇವೆ, ದತ್ತು ಮಾಡಿಸುತ್ತೇವೆ ಎಂದು ಮಿಂಚಂಚೆ ಬಂದರೆ ಉತ್ತರಿಸಬೇಡಿ.

ನನ್ನ ನೋಟ್‌ಬುಕ್ಕಿನಲ್ಲಿ ಆ ವರ್ಷದ ಕೆಳಗೆ ಕೆಂಪು ಗೆರೆಯಿದೆ. ಅಲ್ಲಿಂದ ಮುಂದಿನ ಹೆಸರುಗಳನ್ನು ಪೆನ್ಸಿಲ್ಲಿನಲ್ಲಿ ಬರೆದಿದ್ದೇನೆ. ‘ಕೊಟ್ಟವರು’ ಎಂಬ ಅಂಕಣ ಖಾಲಿಯಿದೆ.